‘ರೆವಲ್ಯೂಷನ್’ ಎಂಬ ಪದದ ಅರ್ಥ, ಮೂಲ ಮತ್ತು ಪರ್ಯಾಯಗಳು: ಇತಿಹಾಸಲೇಖನದ ದೃಷ್ಟಿಯಿಂದ ಒಂದು ವಿಮರ್ಶೆ

ಇತಿಹಾಸದ ಬೋಧನೆಯಲ್ಲಿ ತೊಡಗಿದವರು ಶಬ್ದಗಳನ್ನು ಕುರಿತು ಚಿಂತಿಸುವುದು ಅಪರೂಪ. ಶಬ್ದವಿಚಾರವು ಭಾಷಾಶಾಸ್ತ್ರಜ್ಞರ ಮತ್ತು ನಿಘಂಟುಕಾರರ ಕ್ಷೇತ್ರವೆಂದೂ, ನಮ್ಮ ವ್ಯವಹಾರವೆಲ್ಲ ಘಟನೆಗಳೊಡನೆಯೇ ಎಂದೂ ಭಾವಿಸುವುದು ವಾಡಿಕೆ. ಆದರೆ ಯಾವ ಘಟನೆಯೂ ಹೆಸರಿಲ್ಲದೆ ನಮ್ಮ ಕೈಸೇರುವುದಿಲ್ಲ. ಯಾರೋ ಇಟ್ಟ ಹೆಸರನ್ನು ಹೊತ್ತುಕೊಂಡೇ ಅದು ಪತ್ರಾಗಾರದಿಂದ ಗ್ರಂಥಕ್ಕೂ, ಗ್ರಂಥದಿಂದ ಪಠ್ಯಪುಸ್ತಕಕ್ಕೂ ಇಳಿದು ಬರುತ್ತದೆ. ಆ ಹೆಸರಿನೊಳಗೆ ಒಂದು ತೀರ್ಪು ಅಡಗಿದ್ದರೆ, ವಿಚಾರಣೆ ನಡೆಯುವ ಮೊದಲೇ ನಾವು ತೀರ್ಪಿಗೆ ಸಹಿ ಹಾಕಿದಂತಾಗುತ್ತದೆ.

ಈ ವಿಷಯದ ಕಡೆಗೆ ನಮ್ಮ ಗಮನವನ್ನು ಎಳೆದವನು ಒಬ್ಬ ವಿದ್ಯಾರ್ಥಿ. ಫ್ರಾನ್ಸಿನ ೧೭೮೯ರ ಕ್ರಾಂತಿಯನ್ನು ಮುಗಿಸಿ, ಕೆಲವು ವಾರಗಳ ತರುವಾಯ ೧೮೫೭ರ ಕರ್ನಾಟಕದ ಘಟನೆಗಳನ್ನು ಪಾಠ ಹೇಳುತ್ತಿದ್ದೆವು. ಮುಧೋಳದ ಕಡೆಯಿಂದ ಬಂದ ಆ ಹುಡುಗ ಎದ್ದು ನಿಂತು, “ಸರ್, ಫ್ರಾನ್ಸಿನವರು ಮಾಡಿದ್ದು ಕ್ರಾಂತಿ, ನಮ್ಮ ಹಲಗಲಿಯವರು ಮಾಡಿದ್ದು ದಂಗೆ. ಈ ಹೆಸರು ಇಟ್ಟವರು ಯಾರ್ರಿ?” ಎಂದು ಕೇಳಿದನು. ಅಂದು ನಾವು ಕೊಟ್ಟ ಉತ್ತರ ಸಮರ್ಪಕವಾಗಿರಲಿಲ್ಲ. ಪ್ರಕೃತ ಲೇಖನವು ಆ ಪ್ರಶ್ನೆಗೆ ತಡವಾಗಿ ಸಲ್ಲಿಸುತ್ತಿರುವ ಉತ್ತರವೆಂದು ವಾಚಕರು ಭಾವಿಸಬಹುದು.

೧

ಮೊದಲು ಪದದ ಮೂಲವನ್ನು ನೋಡೋಣ. ಲ್ಯಾಟಿನ್ ಭಾಷೆಯ ‘ರೆವಾಲ್ವೆರೆ’ ಎಂಬ ಕ್ರಿಯಾಪದಕ್ಕೆ ‘ಹಿಂದಕ್ಕೆ ಉರುಳಿಸು, ಸುತ್ತಿ ಬರು’ ಎಂದರ್ಥ. ಇದರಿಂದ ಉತ್ತರಕಾಲದ ಲ್ಯಾಟಿನ್ನಿನಲ್ಲಿ ‘ರೆವಲ್ಯೂಷಿಯೊ’ ಎಂಬ ನಾಮಪದ ಹುಟ್ಟಿ, ಹಳೆಯ ಫ್ರೆಂಚಿನ ಮೂಲಕ ೧೪ನೆಯ ಶತಮಾನದ ಕೊನೆಯ ವೇಳೆಗೆ ಇಂಗ್ಲಿಷನ್ನು ಪ್ರವೇಶಿಸಿತು. ಆಗ ಅದರ ಮುಖ್ಯಾರ್ಥ ಗ್ರಹಗತಿ. ಆಕಾಶಕಾಯಗಳು ತಮ್ಮ ಪಥದಲ್ಲಿ ಒಂದು ಸುತ್ತು ತಿರುಗಿ ಹೊರಟ ಸ್ಥಾನಕ್ಕೆ ಮರಳುವುದೇ ‘ರೆವಲ್ಯೂಷನ್’. ೧೫೪೩ರಲ್ಲಿ ಪ್ರಕಟವಾದ ಕೊಪರ್ನಿಕಸನ ಮಹಾಗ್ರಂಥದ ಶೀರ್ಷಿಕೆಯಲ್ಲಿ ಈ ಪದವು ಬಂದಿರುವುದು ಶುದ್ಧ ಖಗೋಳಾರ್ಥದಲ್ಲಿಯೇ. ಇಂದಿಗೂ ಯಂತ್ರದ ಚಕ್ರವು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆಂಬುದನ್ನು ಹೇಳುವಾಗ ಇಂಗ್ಲಿಷಿನವರು ಇದೇ ಪದವನ್ನು ಬಳಸುತ್ತಾರೆ.

ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಈ ಮೂಲಾರ್ಥದಲ್ಲಿ ಹೊಸತೆಂಬುದಕ್ಕೆ ಎಡೆಯೇ ಇಲ್ಲ. ಗ್ರಹವು ತಿರುಗಿ ಬರುವುದು ಇದ್ದಲ್ಲಿಗೇ. ರಾಜಕೀಯ ವಿಷಯಗಳಿಗೆ ಈ ಪದ ಅನ್ವಯವಾದಾಗಲೂ ಬಹುಕಾಲ ಈ ಛಾಯೆ ಉಳಿದೇ ಇತ್ತು. ೧೬೪೯ರಲ್ಲಿ ಒಂದನೆಯ ಚಾರ್ಲ್ಸ್ ದೊರೆಯ ಶಿರಚ್ಛೇದವಾಗಿ ಗಣರಾಜ್ಯ ಸ್ಥಾಪನೆಯಾದದ್ದನ್ನು ನಾವು ಇಂದು ಕ್ರಾಂತಿಯೆನ್ನುತ್ತೇವೆ. ಆದರೆ ಅಂದಿನ ಇಂಗ್ಲಿಷ್ ಲೇಖಕರು ‘ರೆವಲ್ಯೂಷನ್’ ಎಂಬುದನ್ನು ೧೬೬೦ರಲ್ಲಿ ರಾಜಪ್ರಭುತ್ವವು ಮರಳಿ ಬಂದುದಕ್ಕೆ ಬಳಸಿದರು. ತತ್ತ್ವಜ್ಞಾನಿ ಹಾಬ್ಸನು ತನ್ನ ‘ಬೆಹೆಮೊತ್’ ಎಂಬ ಗ್ರಂಥದ ಕೊನೆಯಲ್ಲಿ, ಪ್ರಭುಶಕ್ತಿಯು ತಂದೆಯ ಕೈಯಿಂದ ಹೊರಟು, ಪಾರ್ಲಿಮೆಂಟಿಗೂ ಕ್ರಾಮ್ವೆಲ್ಲನಿಗೂ ಅವನ ಮಗನಿಗೂ ಸಂದು, ತಿರುಗಿ ಪಾರ್ಲಿಮೆಂಟಿನ ಮೂಲಕ ಮಗನಾದ ಎರಡನೆಯ ಚಾರ್ಲ್ಸನ ಕೈಸೇರಿದ ಬಗೆಯನ್ನು ಒಂದು ವೃತ್ತದ ಚಲನೆಯಂತೆ ವರ್ಣಿಸಿದ್ದಾನೆ. ೧೬೮೮ರ ಘಟನೆಯನ್ನು ‘ವೈಭವದ ಕ್ರಾಂತಿ’ಯೆಂದು ಹೊಗಳಿದವರ ಅಭಿಪ್ರಾಯವೂ, ಹಳೆಯ ಹಕ್ಕುಬಾಧ್ಯತೆಗಳು ಸ್ವಸ್ಥಾನಕ್ಕೆ ಮರಳಿದವೆಂದೇ ಆಗಿತ್ತು.

ಅರ್ಥವು ತಲೆಕೆಳಗಾದದ್ದು ೧೭೮೯ರಲ್ಲಿ. ಬಾಸ್ತೀಲ್ ಸೆರೆಮನೆ ಬಿದ್ದ ಸುದ್ದಿಯನ್ನು ಕೇಳಿದ ಹದಿನಾರನೆಯ ಲೂಯಿಯು ಇದೊಂದು ದಂಗೆಯೇ ಎಂದು ವಿಚಾರಿಸಲು, ಸಮೀಪದಲ್ಲಿದ್ದ ಲಿಯಾಂಕೂರನು ಅಲ್ಲ, ಇದು ಕ್ರಾಂತಿ ಎಂದು ತಿದ್ದಿದನೆಂಬ ಐತಿಹ್ಯವು ಪ್ರಸಿದ್ಧವಾಗಿದೆ. ಈ ಐತಿಹ್ಯವನ್ನು ವಿವೇಚಿಸಿದ ಹನ್ನಾ ಆರೆಂಟ್ ಎಂಬ ವಿದುಷಿ, ತನ್ನ ೧೯೬೩ರ ಗ್ರಂಥದಲ್ಲಿ ಒಂದು ಸೂಕ್ಷ್ಮವನ್ನು ತೋರಿಸಿದ್ದಾಳೆ. ದಂಗೆಯನ್ನು ದೊರೆಯು ಸೈನ್ಯದಿಂದ ಅಡಗಿಸಬಲ್ಲನು. ಗ್ರಹಗತಿಯನ್ನು ತಡೆಯಲು ಯಾವ ದೊರೆಗೂ ಸಾಧ್ಯವಿಲ್ಲ. ಅಂದರೆ ಆ ಕ್ಷಣದಲ್ಲಿ ಪದವು ‘ಮರಳಿಕೆ’ ಎಂಬ ಅರ್ಥವನ್ನು ಕಳೆದುಕೊಂಡು, ‘ತಡೆಯಲಾಗದ್ದು’ ಎಂಬ ಅರ್ಥವನ್ನು ಉಳಿಸಿಕೊಂಡಿತು. ಮುಂದೆ ಈ ತಡೆಯಲಾಗದ ಚಲನೆಗೆ ‘ಹೊಸ ಯುಗದ ಆರಂಭ’ ಎಂಬ ಅರ್ಥ ಸೇರಿಕೊಂಡಿತು. ೧೯ನೆಯ ಶತಮಾನದಲ್ಲಿ ಈ ಪದವು ರಾಜಕೀಯದ ಎಲ್ಲೆಯನ್ನೂ ದಾಟಿತು. ಕೈಗಾರಿಕೆಯ ಬದಲಾವಣೆಗೆ ಫ್ರಾನ್ಸಿನಲ್ಲಿ ಮೊದಲೇ ಬಳಕೆಯಲ್ಲಿದ್ದ ಈ ಹೆಸರು, ಆರ್ನಾಲ್ಡ್ ಟಾಯ್ನ್‌ಬಿಯ ಉಪನ್ಯಾಸಗಳು ೧೮೮೪ರಲ್ಲಿ ಅಚ್ಚಾದ ಬಳಿಕ ಇಂಗ್ಲಿಷಿನಲ್ಲಿ ಸ್ಥಿರವಾಯಿತು.

೨

ಇಂಗ್ಲಿಷ್ ನಿಘಂಟುಗಳಲ್ಲಿ ಈ ಪದದ ಪಕ್ಕದಲ್ಲಿ ರಿವೋಲ್ಟ್, ರೆಬೆಲಿಯನ್, ಇನ್ಸರೆಕ್ಷನ್, ಮ್ಯೂಟಿನಿ, ಅಪ್ರೈಸಿಂಗ್ ಮುಂತಾದ ಪದಗಳನ್ನು ಸಾಲಾಗಿ ನಿಲ್ಲಿಸಿರುತ್ತಾರೆ. ಒಂದರ ಬದಲು ಒಂದನ್ನು ಬಳಸಬಹುದೆಂಬ ಭ್ರಮೆ ಇದರಿಂದ ಉಂಟಾಗುತ್ತದೆ. ಈ ಪರ್ಯಾಯಪಟ್ಟಿಯನ್ನು ಕುರಿತೇ ನಮ್ಮ ಮುಖ್ಯ ಆಕ್ಷೇಪಣೆ.

‘ರಿವೋಲ್ಟ್’ ಎಂಬುದು ವ್ಯುತ್ಪತ್ತಿಯಲ್ಲಿ ‘ರೆವಲ್ಯೂಷನ್’ನ ಒಡಹುಟ್ಟು. ಎರಡಕ್ಕೂ ಧಾತು ಒಂದೇ. ಆದರೂ ಬಳಕೆಯಲ್ಲಿ ಸೋತದ್ದು ರಿವೋಲ್ಟ್, ಗೆದ್ದದ್ದು ರೆವಲ್ಯೂಷನ್ ಎಂಬ ಭೇದ ನೆಲೆಗೊಂಡಿದೆ. ‘ರೆಬೆಲಿಯನ್’ನಲ್ಲಿರುವುದು ‘ಬೆಲ್ಲುಂ’, ಎಂದರೆ ಯುದ್ಧ. ಒಮ್ಮೆ ಸೋತು ಶರಣಾದ ಜನಾಂಗವು ಮತ್ತೆ ಯುದ್ಧ ಹೂಡುವುದನ್ನು ರೋಮನರು ಹೀಗೆ ಕರೆದರು. ಆದುದರಿಂದ ಒಬ್ಬನನ್ನು ‘ರೆಬೆಲ್’ ಎಂದು ಕರೆದೊಡನೆ, ಅವನು ಮೊದಲು ಅಧೀನನಾಗಿದ್ದನೆಂದೂ ಆ ಅಧೀನತೆ ನ್ಯಾಯವಾದದ್ದೆಂದೂ ಒಪ್ಪಿದಂತಾಯಿತು. ‘ಇನ್ಸರೆಕ್ಷನ್’ ಎಂದರೆ ಮೇಲೇಳುವುದು. ‘ಅಪ್ರೈಸಿಂಗ್’ ಎಂಬುದು ಅದೇ ಅರ್ಥದ ಅಚ್ಚ ಇಂಗ್ಲಿಷ್ ಪದ. ಇವೆರಡರಲ್ಲಿ ದೋಷಾರೋಪಣೆ ಕಡಿಮೆ.

‘ಮ್ಯೂಟಿನಿ’ ಬೇರೆಯದೇ ಜಾತಿಯ ಪದ. ಚಲನೆಯನ್ನು ಸೂಚಿಸುವ ಲ್ಯಾಟಿನ್ ಧಾತುವಿನಿಂದ ಫ್ರೆಂಚಿನ ಮೂಲಕ ಬಂದ ಇದು, ಬಳಕೆಯಲ್ಲಿ ಸೈನಿಕರಿಗೂ ನಾವಿಕರಿಗೂ ಮೀಸಲಾಯಿತು. ಸಂಬಳ ಉಂಡು ಪ್ರಮಾಣ ಸ್ವೀಕರಿಸಿದವನು ಮೇಲಧಿಕಾರಿಯ ಆಜ್ಞೆಯನ್ನು ಮೀರುವುದೇ ಮ್ಯೂಟಿನಿ. ಇದಕ್ಕೆ ಕಾರಣಗಳಿರಬಹುದೆಂಬ ಊಹೆಗೂ ಆ ಪದದಲ್ಲಿ ಸ್ಥಳವಿಲ್ಲ. ಇಂಗ್ಲೆಂಡಿನ ಪ್ರಸಿದ್ಧ ಮ್ಯೂಟಿನಿ ಶಾಸನವು ಹುಟ್ಟಿದ್ದು ೧೬೮೯ರಲ್ಲಿ. ಅದರ ಹಿನ್ನೆಲೆಯು ಬೋಧಪ್ರದವಾಗಿದೆ. ಎರಡನೆಯ ಜೇಮ್ಸ್ ದೊರೆಯನ್ನು ತೊರೆದು ವಿಲಿಯಮ್ಮನ ಕಡೆ ಸೇರಿದ ಸರದಾರರ ಕೃತ್ಯಕ್ಕೆ ‘ರೆವಲ್ಯೂಷನ್’ ಎಂಬ ಹೆಸರು ಬಂತು. ತಾವು ಪ್ರಮಾಣ ಮಾಡಿದ್ದ ಅದೇ ಜೇಮ್ಸನಿಗೆ ಜಯಕಾರ ಹಾಕಿ, ಇಪ್ಸ್‌ವಿಚ್ಚಿನಲ್ಲಿ ಹೊಸ ದೊರೆಯ ಆಜ್ಞೆಯನ್ನು ಧಿಕ್ಕರಿಸಿದ ಸಿಪಾಯಿಗಳ ಕೃತ್ಯಕ್ಕೆ ‘ಮ್ಯೂಟಿನಿ’ ಎಂಬ ಹೆಸರು ಬಂತು. ಕೆಲವೇ ತಿಂಗಳ ಅಂತರದಲ್ಲಿ ನಿಷ್ಠೆ ಮುರಿದವರಿಗೆ ಕೀರ್ತಿಯೂ, ನಿಷ್ಠೆ ಉಳಿಸಿಕೊಂಡವರಿಗೆ ಶಾಸನವೂ ದೊರೆತವು. ಹೆಸರನ್ನು ನಿರ್ಣಯಿಸಿದ್ದು ಕೃತ್ಯದ ಸ್ವರೂಪವಲ್ಲ, ಅದರ ಫಲಿತಾಂಶ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ.

೩

ಈಗ ನಮ್ಮ ‘ಕ್ರಾಂತಿ’ಯ ಕಡೆಗೆ ಬರೋಣ. ಇದರ ಧಾತು ‘ಕ್ರಮ್’, ಎಂದರೆ ಹೆಜ್ಜೆಯಿಡು, ನಡೆ. ‘ಕ್ರಮ’, ‘ಆಕ್ರಮಣ’, ‘ಪರಾಕ್ರಮ’, ‘ಅತಿಕ್ರಮ’ಗಳೆಲ್ಲ ಇದೇ ಧಾತುವಿನ ಸಂತಾನ. ವ್ಯವಸ್ಥೆಯೆಂಬ ಅರ್ಥದ ‘ಕ್ರಮ’ವೂ, ವ್ಯವಸ್ಥೆಯನ್ನು ಮುರಿಯುವ ‘ಕ್ರಾಂತಿ’ಯೂ ಒಂದೇ ಮನೆಯವು. ಸಂಸ್ಕೃತದ ಜ್ಯೋತಿಷಗ್ರಂಥಗಳಲ್ಲಿ ಕ್ರಾಂತಿಯೆಂದರೆ ಸೂರ್ಯನು ವಿಷುವದ್ವೃತ್ತದಿಂದ ಉತ್ತರಕ್ಕೋ ದಕ್ಷಿಣಕ್ಕೋ ಸರಿಯುವ ಪ್ರಮಾಣ. ಅವನ ಪಥವೇ ಕ್ರಾಂತಿವೃತ್ತ. ಅವನು ಒಂದು ರಾಶಿಯಿಂದ ಇನ್ನೊಂದಕ್ಕೆ ಕಾಲಿಡುವ ಗಳಿಗೆಯೇ ನಮ್ಮ ಮನೆಮನೆಯ ಸಂಕ್ರಾಂತಿ. ೧೮೯೯ರಲ್ಲಿ ಹೊರಬಂದ ಮೋನಿಯರ್ ವಿಲಿಯಮ್ಸನ ದೊಡ್ಡ ಸಂಸ್ಕೃತ ನಿಘಂಟಿನಲ್ಲಿ ನಡಿಗೆ, ಆಕ್ರಮಣ, ಸೂರ್ಯಪಥ ಎಂಬ ಅರ್ಥಗಳಿವೆಯೇ ಹೊರತು, ರಾಜ್ಯಪರಿವರ್ತನೆಯೆಂಬ ಅರ್ಥವಿಲ್ಲ. ಆ ಅರ್ಥವು ಆಧುನಿಕರ ಸೃಷ್ಟಿ.

ಉತ್ತರ ಭಾರತದಲ್ಲಿ ಪ್ರಚಾರದಲ್ಲಿರುವ ‘ಇನ್ಕಿಲಾಬ್’ ಎಂಬ ಅರಬ್ಬಿ ಮೂಲದ ಪದವನ್ನು ಇಲ್ಲಿ ಹೋಲಿಸಿ ನೋಡಬಹುದು. ಅದರ ಧಾತುವಿಗೆ ಹೊರಳು, ಮಗುಚು ಎಂದರ್ಥ. ಅರಬ್ಬಿಯಲ್ಲಿ ಸೂರ್ಯನು ಉತ್ತರದ ಅಥವಾ ದಕ್ಷಿಣದ ಕೊನೆಯನ್ನು ಮುಟ್ಟಿ ಹಿಂದಿರುಗುವ ಅಯನಬಿಂದುವಿಗೂ ಇದೇ ಹೆಸರು. ಲ್ಯಾಟಿನ್, ಸಂಸ್ಕೃತ, ಅರಬ್ಬಿ ಎಂಬ ಮೂರು ಮೂಲಗಳಿಂದ ಬಂದ ಮೂರು ಪದಗಳೂ ಆಕಾಶವನ್ನು ನೋಡಿಯೇ ರಾಜ್ಯವನ್ನು ಹೆಸರಿಸಿರುವುದು ಅಪೂರ್ವ ಸಾದೃಶ್ಯವಾಗಿದೆ. ಇದಕ್ಕೆ ಭಿನ್ನವಾಗಿ ಬಂಗಾಳಿ, ತೆಲುಗು, ಮಲಯಾಳಗಳು ‘ವಿಪ್ಲವ’ವನ್ನು ಆರಿಸಿಕೊಂಡಿವೆ. ಅದರ ಧಾತು ‘ಪ್ಲು’, ತೇಲು. ಪ್ರವಾಹದಲ್ಲಿ ಎಲ್ಲವೂ ದಿಕ್ಕುಪಾಲಾಗಿ ಹೋಗುವ ಚಿತ್ರ ಅದರಲ್ಲಿದೆ. ಕನ್ನಡದಲ್ಲಿ ಆ ಪದವು ಕ್ಷೋಭೆಯ ಅರ್ಥದಲ್ಲಿ ನಿಂತಿತು.

‘ಇನ್ಕಿಲಾಬ್’ ಘೋಷಣೆಯನ್ನು ೧೯೨೯ರ ಏಪ್ರಿಲ್ ೮ರಂದು ದೆಹಲಿಯ ಶಾಸನಸಭೆಯಲ್ಲಿ ಮೊಳಗಿಸಿದ ಭಗತ್ ಸಿಂಗ್ ಮತ್ತು ಬಟುಕೇಶ್ವರ ದತ್ತರು, ಮುಂದೆ ನ್ಯಾಯಾಲಯಕ್ಕೆ ಒಪ್ಪಿಸಿದ ಹೇಳಿಕೆಯಲ್ಲಿ ಈ ಪದದ ಅರ್ಥವನ್ನು ತಾವೇ ವಿವರಿಸಿದರು. ಕ್ರಾಂತಿಯು ಬಾಂಬು ಪಿಸ್ತೂಲುಗಳ ಆರಾಧನೆಯಲ್ಲ, ಅನ್ಯಾಯದ ಮೇಲೆ ನಿಂತ ವ್ಯವಸ್ಥೆಯ ಬದಲಾವಣೆಯೆಂಬುದು ಅದರ ಸಾರಾಂಶ. ಆರೋಪಿಗಳೇ ತಮ್ಮ ಕೃತ್ಯಕ್ಕೆ ಹೆಸರಿಟ್ಟು ಅದರ ಅರ್ಥವನ್ನೂ ದಾಖಲೆಮಾಡಿದ ಇಂತಹ ಪ್ರಸಂಗಗಳು ಇತಿಹಾಸದಲ್ಲಿ ವಿರಳ. ಬಹುಪಾಲು ಸಂದರ್ಭಗಳಲ್ಲಿ ಹೆಸರಿಡುವ ಅಧಿಕಾರವು ಅಡಗಿಸಿದವರದೇ ಆಗಿರುತ್ತದೆ.

೪

೧೮೫೭ರ ಹೆಸರಿನ ಚರ್ಚೆ ಎಲ್ಲರಿಗೂ ತಿಳಿದದ್ದೇ. ಆ ವರ್ಷದ ಜುಲೈ ತಿಂಗಳಲ್ಲಿಯೇ ಡಿಸ್ರೇಲಿಯು ಪಾರ್ಲಿಮೆಂಟಿನಲ್ಲಿ ಇದು ಸೈನಿಕರ ಮ್ಯೂಟಿನಿಯೋ, ರಾಷ್ಟ್ರೀಯ ರಿವೋಲ್ಟೋ ಎಂಬ ಪ್ರಶ್ನೆಯನ್ನು ಎತ್ತಿದ್ದನು. ೧೯೦೯ರಲ್ಲಿ ಸಾವರ್ಕರರ ಗ್ರಂಥವು ಅದನ್ನು ಸ್ವಾತಂತ್ರ್ಯಯುದ್ಧವೆಂದು ಕರೆಯಿತು. ಶತಮಾನೋತ್ಸವದ ೧೯೫೭ರಲ್ಲಿ ಪ್ರಕಟವಾದ ಎರಡು ಗ್ರಂಥಗಳ ಶೀರ್ಷಿಕೆಗಳು ನಮ್ಮ ವಿಷಯಕ್ಕೆ ಸಂಬಂಧಪಟ್ಟಂತೆ ಬಹಳ ಉಪಯುಕ್ತ. ಆರ್. ಸಿ. ಮಜುಂದಾರರು ಸಿಪಾಯಿಗಳಿಗೆ ‘ಮ್ಯೂಟಿನಿ’ಯನ್ನೂ ಒಟ್ಟು ಘಟನೆಗೆ ‘ರಿವೋಲ್ಟ್’ ಅನ್ನೂ ಒಂದೇ ಶೀರ್ಷಿಕೆಯಲ್ಲಿ ಬೇರ್ಪಡಿಸಿ ಇಟ್ಟರು. ಎಸ್. ಎನ್. ಸೇನರು ಯಾವ ಪದವನ್ನೂ ಬಳಸದೆ ಇಸವಿಯನ್ನೇ ಹೆಸರಾಗಿಸಿದರು. ಸೇನರ ಮಾರ್ಗವು ಎಚ್ಚರಿಕೆಯದು, ನಿಜ. ಆದರೆ ಅಂಕಿಯ ಹಿಂದೆ ನಿಂತು ಪ್ರಶ್ನೆಯಿಂದ ಪಾರಾಗಲು ಪಾಠ ಹೇಳುವವನಿಗೆ ಸಾಧ್ಯವಿಲ್ಲ.

ಕರ್ನಾಟಕದ ನಿದರ್ಶನಗಳಲ್ಲಿ ಮೊದಲನೆಯದು ೧೮೩೦–೩೧ರ ನಗರದ ಪ್ರಕರಣ. ಕಂದಾಯದ ಹೊರೆಯಿಂದ ನೊಂದ ರೈತರು ಅಲ್ಲಲ್ಲಿ ‘ಕೂಟ’ ಸೇರಿ ಕಂದಾಯ ನಿಲ್ಲಿಸಿದರು. ಆ ಕಾಲದಲ್ಲಿ ಕೆನರಾ ಜಿಲ್ಲೆಯಲ್ಲಿಯೂ ಇಂತಹ ಕೂಟಗಳು ನಡೆದವು. ‘ಕೂಟ’ವೆಂಬುದು ರೈತರ ಸ್ವಂತ ಪದ. ಅದರಲ್ಲಿ ಹಿಂಸೆಯ ಸೂಚನೆಯಿಲ್ಲ, ಒಟ್ಟುಗೂಡಿದ ಸಂಗತಿಯಷ್ಟೇ ಇದೆ. ನಮ್ಮ ಪಠ್ಯಗಳಲ್ಲಿ ಈ ಪದ ಮಾಯವಾಗಿ ‘ನಗರದ ದಂಗೆ’ ಮಾತ್ರ ಉಳಿದಿದೆ. ಪರಿಣಾಮವನ್ನೇ ಅಳತೆಗೋಲಾಗಿಟ್ಟರೆ, ಇದರಷ್ಟು ದೊಡ್ಡ ಪರಿವರ್ತನೆಯನ್ನು ತಂದ ಘಟನೆಗಳು ಕಡಿಮೆ. ೧೮೩೧ರಲ್ಲಿ ಮೈಸೂರಿನ ಆಡಳಿತ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಕಂಪನಿಯ ಕಮಿಷನರುಗಳಿಗೆ ಹೋಗಿ, ೧೮೮೧ರ ತನಕ ೫೦ ವರ್ಷಗಳ ಕಾಲ ಹಿಂದಿರುಗಲಿಲ್ಲ. ಆದರೆ ಆ ಪರಿವರ್ತನೆಯ ಫಲ ದಕ್ಕಿದ್ದು ಕೂಟ ಸೇರಿದವರಿಗಲ್ಲ. ಆದುದರಿಂದಲೇ ಅದಕ್ಕೆ ದೊಡ್ಡ ಹೆಸರೂ ದಕ್ಕಲಿಲ್ಲ.

೧೮೩೭ರಲ್ಲಿ ಸುಳ್ಯದ ಕಡೆಯಿಂದ ಹೊರಟು ಮಂಗಳೂರನ್ನು ಕೆಲವು ದಿನ ಹಿಡಿದಿಟ್ಟುಕೊಂಡವರ ಕಥೆ ಇನ್ನೊಂದು ಬಗೆಯದು. ಇದು ಜನರ ಬಾಯಲ್ಲಿ ‘ಕಲ್ಯಾಣಪ್ಪನ ಕಾಟಕಾಯಿ’ ಎಂದು ಉಳಿದು ಬಂದಿದೆ. ಸೂರೆಯ ದಾಳಿಯೆಂಬ ಛಾಯೆಯುಳ್ಳ ಮಾತದು. ಇತ್ತೀಚಿನ ಲೇಖಕರು ಇದಕ್ಕೆ ಬದಲಾಗಿ ಅಮರ ಸುಳ್ಯದ ಸ್ವಾತಂತ್ರ್ಯ ಹೋರಾಟವೆಂಬ ಹೆಸರನ್ನು ಬಳಸುತ್ತಾರೆ. ತಿದ್ದುಪಡಿ ಯುಕ್ತವೇ. ಆದರೂ ಹಳೆಯ ಹೆಸರನ್ನು ಅಳಿಸಿಬಿಡಬಾರದೆಂದು ನಾವು ಅಭಿಪ್ರಾಯಪಡುತ್ತೇವೆ. ಆ ದಂಡು ಹಾದುಹೋದ ಹಳ್ಳಿಗಳಲ್ಲಿ ಕೆಲವರಿಗಾದರೂ ಅದು ಭಯದ ನೆನಪಾಗಿ ಉಳಿದಿತ್ತೆಂಬುದಕ್ಕೆ ಆ ಮಾತೇ ದಾಖಲೆ. ಗೌರವದ ಹೆಸರಿಗಾಗಿ ದಾಖಲೆಯನ್ನು ಕಳೆದುಕೊಳ್ಳುವುದು ಇತಿಹಾಸಕಾರನಿಗೆ ತಕ್ಕುದಲ್ಲ.

ಮೂರನೆಯದು ‘ಬಂಡಾಯ’. ಮರಾಠಿಯ ‘ಬಂಡ’ಕ್ಕೆ ನೆಂಟನಾದ ಈ ಪದವು ಆಳುವವರ ಬಾಯಲ್ಲಿ ದೂಷಣೆಯೇ ಆಗಿತ್ತು. ದತ್ತಕದ ಹಕ್ಕನ್ನು ನಿರಾಕರಿಸಿದ ಕಂಪನಿಯ ವಿರುದ್ಧ ೧೮೫೮ರಲ್ಲಿ ಎದ್ದ ನರಗುಂದದ ಭಾಸ್ಕರರಾವ್ ಬಾಬಾಸಾಹೇಬನು ಬಂಡುಕೋರನೆಂಬ ಹೆಸರಿನಲ್ಲಿಯೇ ಬೆಳಗಾವಿಯಲ್ಲಿ ಗಲ್ಲಿಗೇರಿದನು. ಅದೇ ನರಗುಂದದಲ್ಲಿ ಮತ್ತು ನೆರೆಯ ನವಲಗುಂದದಲ್ಲಿ, ೧೯೮೦ರ ಜುಲೈ ೨೧ರಂದು, ಮಲಪ್ರಭಾ ನೀರಾವರಿಯ ಬೆಟರ್‌ಮೆಂಟ್ ಲೆವಿಯನ್ನು ವಿರೋಧಿಸಿದ ರೈತರ ಮೇಲೆ ಗೋಲಿಬಾರಾಯಿತು. ಈ ಸಲ ರೈತರು ತಮ್ಮ ಹೋರಾಟವನ್ನು ‘ಬಂಡಾಯ’ವೆಂದು ತಾವೇ ಹೆಮ್ಮೆಯಿಂದ ಕರೆದುಕೊಂಡರು. ೧೯೭೯ರಲ್ಲಿ ಸಂಘಟಿತರಾದ ಸಾಹಿತಿಗಳು ಸಹ, ಸಿದ್ಧವಾಗಿದ್ದ ‘ಕ್ರಾಂತಿ’ಯನ್ನು ಬಿಟ್ಟು ಈ ಪದವನ್ನೇ ತಮ್ಮ ಚಳವಳಿಗೆ ಆರಿಸಿದ್ದರು. ದೂಷಣೆಯ ಪದವು ಸುಮಾರು ೧೨೦ ವರ್ಷಗಳಲ್ಲಿ ಅಭಿಮಾನದ ಪದವಾಯಿತು. ಇಂಗ್ಲಿಷಿನ ‘ರೆಬೆಲ್’ಗೂ ‘ಬಂಡಾಯ’ಕ್ಕೂ ಇರುವ ಅಂತರ ಇಲ್ಲಿ ಕಾಣುತ್ತದೆ. ಒಂದನ್ನು ಮತ್ತೊಂದರ ಭಾಷಾಂತರವೆಂದು ಕಣ್ಣುಮುಚ್ಚಿ ಒಪ್ಪುವಂತಿಲ್ಲ.

೫

ಇದಕ್ಕೆ ಪರಿಹಾರವಾಗಿ, ನಮ್ಮವರ ಎಲ್ಲ ಪ್ರಯತ್ನಗಳನ್ನೂ ‘ಕ್ರಾಂತಿ’ಯೆಂದು ಕರೆದುಬಿಡೋಣವೆಂದು ಕೆಲವರು ಸೂಚಿಸಬಹುದು. ಈ ಔದಾರ್ಯವನ್ನೂ ನಾವು ವಿರೋಧಿಸಬೇಕಾಗಿದೆ. ೧೯೬೮ರಲ್ಲಿ ವಿಲಿಯಂ ಗಾಡ್ ಎಂಬ ಅಮೆರಿಕದ ಅಧಿಕಾರಿಯು ಗೋಧಿ ಬತ್ತಗಳ ಇಳುವರಿ ಹೆಚ್ಚಿದುದನ್ನು ‘ಹಸಿರು ಕ್ರಾಂತಿ’ಯೆಂದು ಕರೆದಾಗ, ಅದು ಕೆಂಪು ಕ್ರಾಂತಿಗೆ ಎದುರಾದ ಮಾತೆಂಬ ಉದ್ದೇಶ ಅದರಲ್ಲಿ ಸ್ಪಷ್ಟವಾಗಿತ್ತು. ಇಂದು ಆ ಉದ್ದೇಶ ಮರೆತುಹೋಗಿ, ಹಾಲಿಗೂ ಮೀನಿಗೂ ಒಂದೊಂದು ಬಣ್ಣದ ಕ್ರಾಂತಿ ಸಂದಿದೆ. ಎಲ್ಲಕ್ಕೂ ಸಲ್ಲುವ ಪದವು ಯಾವುದಕ್ಕೂ ಸಲ್ಲುವುದಿಲ್ಲ.

೧೨ನೆಯ ಶತಮಾನದ ಕಲ್ಯಾಣದ ಘಟನೆಗಳಿಗೆ ‘ಕಲ್ಯಾಣ ಕ್ರಾಂತಿ’ ಎಂಬ ಹೆಸರನ್ನಿಟ್ಟವರು ಆಧುನಿಕರು. ಭಗತ್ ಸಿಂಗನು ಕೊಟ್ಟ ಅರ್ಥವನ್ನು ಹಿಡಿದರೆ ಈ ಹೆಸರಿಗೆ ಸಮರ್ಥನೆ ಉಂಟು. ಹುಟ್ಟಿನ ತಾರತಮ್ಯದ ಮೇಲೆ ನಿಂತ ವ್ಯವಸ್ಥೆಯನ್ನು ಶರಣರು ಪ್ರಶ್ನಿಸಿದರು. ೧೭೮೯ರ ಅರ್ಥವನ್ನು ಹಿಡಿದರೆ ಸಮರ್ಥನೆ ಕಷ್ಟ. ಸಿಂಹಾಸನವನ್ನು ಹಿಡಿಯುವುದು ಅವರ ಗುರಿಯಾಗಿರಲಿಲ್ಲ. ಲಂಕೇಶರು ಇದೇ ವಸ್ತುವಿನ ತಮ್ಮ ನಾಟಕಕ್ಕೆ ‘ಸಂಕ್ರಾಂತಿ’ ಎಂದು ಹೆಸರಿಟ್ಟದ್ದು ನಮಗೆ ಅರ್ಥಪೂರ್ಣವಾಗಿ ತೋರುತ್ತದೆ. ಒಂದು ರಾಶಿಯಿಂದ ಇನ್ನೊಂದಕ್ಕೆ ಕಾಲಿಡುವ ಗಳಿಗೆಯೆಂಬ ಮೂಲಾರ್ಥವು ಆ ಪದದಲ್ಲಿ ಇನ್ನೂ ಜೀವಂತವಾಗಿದೆ.

ಮೇಲ್ಕಂಡ ವಿವೇಚನೆಯಿಂದ ನಾವು ಒಂದು ಸಾಮಾನ್ಯ ವಿಧಾನವನ್ನು ಸೂಚಿಸಬಯಸುತ್ತೇವೆ. ಇಂತಹ ಯಾವುದೇ ಹೆಸರು ಎದುರಾದಾಗ ಮೂರು ಪ್ರಶ್ನೆಗಳನ್ನು ಹಾಕಬೇಕು. ಹೆಸರಿಟ್ಟವರು ಯಾರು? ಫಲಿತಾಂಶ ತಿಳಿಯುವ ಮೊದಲು ಇಟ್ಟರೋ, ತಿಳಿದ ಮೇಲೋ? ಆ ಹೆಸರು ಎರಡು ಪಕ್ಷಗಳ ನಡುವೆ ಯಾವ ಸಂಬಂಧವನ್ನು ಮೊದಲೇ ಒಪ್ಪಿಕೊಂಡಿದೆ? ಉತ್ತರಗಳು ದೊರೆತ ಬಳಿಕ, ಹಳೆಯ ಹೆಸರನ್ನು ಅದನ್ನಿಟ್ಟವರ ಹೆಸರಿನೊಡನೆ ದಾಖಲಿಸಿ, ನಮ್ಮ ಹೆಸರನ್ನು ನಮ್ಮ ಹೊಣೆಯಲ್ಲಿ ಬಳಸಬೇಕು. ಇದು ಬರಿಯ ಶಬ್ದಚಪಲವೆಂದು ಆಕ್ಷೇಪಿಸುವವರು ದಂಡನೀತಿಯನ್ನು ನೆನೆಯಲಿ. ಇಂಗ್ಲೆಂಡಿನಲ್ಲಿ ೧೭೧೫ರಲ್ಲಿ ಜಾರಿಗೆ ಬಂದ ರಯಟ್ ಶಾಸನದ ಪ್ರಕಾರ, ೧೨ ಮಂದಿ ಗುಂಪುಗೂಡಿ, ಚದರಬೇಕೆಂಬ ಘೋಷಣೆಯನ್ನು ಓದಿದ ಒಂದು ಗಂಟೆಯ ಮೇಲೂ ಚದರದೆ ನಿಂತರೆ ಮರಣದಂಡನೆಗೆ ಗುರಿಯಾಗುತ್ತಿದ್ದರು. ಹೆಸರಿನ ಮೇಲೆ ಜೀವವೇ ನಿಂತಿದ್ದ ಕಾಲವನ್ನು ಕುರಿತು ಬರೆಯುವವರು ಹೆಸರನ್ನು ಹಗುರವಾಗಿ ಕಾಣಲಾಗದು.

ಕೊನೆಯದಾಗಿ ಹಲಗಲಿ. ೧೮೫೭ರಲ್ಲಿ ಕಂಪನಿ ಸರ್ಕಾರವು ಆಯುಧಗಳನ್ನು ಒಪ್ಪಿಸಬೇಕೆಂದು ಆಜ್ಞಾಪಿಸಿತು. ಬೇಟೆಯೇ ಬದುಕಾಗಿದ್ದ ಬೇಡರು ಒಪ್ಪಲಿಲ್ಲ. ನವೆಂಬರ್ ಕೊನೆಯಲ್ಲಿ ಸೈನ್ಯ ಬಂದು ಊರನ್ನು ಸುಟ್ಟಿತು. ಸೆರೆಸಿಕ್ಕ ಮುಖಂಡರನ್ನು ಗಲ್ಲಿಗೇರಿಸಲಾಯಿತು. ಅವರ ಕಥೆಯನ್ನು ಹಾಡಿದ ಲಾವಣಿಯನ್ನು ಸಂಗ್ರಹಿಸಿ ಅಚ್ಚುಮಾಡಿಸಿದವನು ಜೆ. ಎಫ್. ಫ್ಲೀಟ್ ಎಂಬ ಆಂಗ್ಲ ಅಧಿಕಾರಿ. ಬೇಡರು ಹೊಸ ಯುಗವನ್ನು ತರಹೊರಡಲಿಲ್ಲ. ಅದನ್ನು ಕ್ರಾಂತಿಯೆಂದರೆ ಅವರ ಬಾಯಲ್ಲಿಲ್ಲದ ಮಾತನ್ನು ಇಟ್ಟಂತಾಗುತ್ತದೆ. ದಂಗೆಯೆಂದರೆ ಊರು ಸುಟ್ಟವರ ಮಾತನ್ನು ಒಪ್ಪಿದಂತಾಗುತ್ತದೆ. ಕೈಯಲ್ಲಿದ್ದ ಆಯುಧವನ್ನು ಕೊಡುವುದಿಲ್ಲವೆಂದು ಅವರು ಹೇಳಿದರು. ಅದು ನಿರಾಕರಣೆ, ಮತ್ತು ಆ ನಿರಾಕರಣೆಯನ್ನು ಉಳಿಸಿಕೊಳ್ಳಲು ನಡೆಸಿದ ಹೋರಾಟ.

ಆ ವಿದ್ಯಾರ್ಥಿಯು ಪದವಿ ಮುಗಿಸಿ ಹೋಗಿದ್ದಾನೆ. ಅಂದು ನಾವು, ಪುಸ್ತಕದಲ್ಲಿ ಹಾಗೆ ಇದೆಯೆಂದು ಹೇಳಿ ಅವನನ್ನು ಕೂರಿಸಿದೆವು. ಪುಸ್ತಕದಲ್ಲಿ ಹಾಗೆ ಇರುವುದು ನಿಜ. ಅದನ್ನು ಅಲ್ಲಿ ಇಟ್ಟವರು ಯಾರೆಂಬುದೇ ಅವನ ಪ್ರಶ್ನೆಯಾಗಿತ್ತು. ಮುಂದಿನ ವರ್ಷದ ತರಗತಿಗಳಲ್ಲಿ ಆ ಪ್ರಶ್ನೆಯಿಂದಲೇ ಪಾಠವನ್ನು ಆರಂಭಿಸುವುದು ಉಚಿತವೆಂದು ನಾವು ನಿಶ್ಚಯಿಸಿದ್ದೇವೆ.